ಹೊಸ ಮದ್ದಿಗೆ ಮೊದಲು ಮೈ ಕೊಟ್ಟವರು

ವಿಜಯಪುರವನ್ನು ಆಳಿದ ಒಂದನೇ ಇಬ್ರಾಹಿಂ ಆದಿಲ್‌ಶಾಹ 1558ರಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಒಂದರ ಮೇಲೊಂದು ರೋಗ ಅವನನ್ನು ಮುತ್ತಿತ್ತು, ಯಾವ ಹಕೀಮನ ಮದ್ದೂ ನಾಟಲಿಲ್ಲ. ಗುಣ ಮಾಡಲಾಗದ ವೈದ್ಯರಲ್ಲಿ ಕೆಲವರ ತಲೆ ಹೊಡೆಸಿದ, ಕೆಲವರನ್ನು ಆನೆಯ ಕಾಲಿಗೆ ಹಾಕಿಸಿದ, ಉಳಿದವರು ಜೀವ ಉಳಿದರೆ ಸಾಕೆಂದು ರಾಜ್ಯ ಬಿಟ್ಟು ಓಡಿದರು ಎಂದು ಇತಿಹಾಸಕಾರ ಫಿರಿಶ್ತಾ ಬರೆದಿಟ್ಟಿದ್ದಾನೆ. ಫಿರಿಶ್ತಾ ಈ ಊರಿಗೆ ಬಂದದ್ದು ಆಮೇಲೆ, ಎರಡನೇ ಇಬ್ರಾಹಿಮನ ಕಾಲದಲ್ಲಿ. ಇಲ್ಲಿ ಕೂತು ಚರಿತ್ರೆಯ ಜೊತೆಗೆ ಭಾರತದ ವೈದ್ಯದ ಮೇಲೆ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥವನ್ನೂ ಬರೆದ. ಮದ್ದಿನ ವಿದ್ಯೆ ಬಲ್ಲವನಾದ್ದರಿಂದ, ಆನೆಯ ಕಾಲಿನ ಕಥೆ ಬರೆಯುವಾಗ ಅವನ ಕೈ ಒಮ್ಮೆ ನಡುಗಿರಲೂಬಹುದು. ಅಂಥ ಆಸ್ಥಾನದಲ್ಲಿ ಹೊಸದೊಂದು ಮದ್ದನ್ನು ಕೊಟ್ಟು ನೋಡುವ ಧೈರ್ಯ ಯಾರಿಗೆ ಬಂದೀತು?

ಅಲ್ಲಿ ಅಪಾಯ ಮದ್ದು ಕೊಟ್ಟವನದಾಗಿತ್ತು. ಇಪ್ಪತ್ತನೇ ಶತಮಾನ ಅದನ್ನು ಮದ್ದು ತೆಗೆದುಕೊಂಡವನ ಪಾಲಿಗೆ ಹಾಕಿತು. ಕ್ಯಾನ್ಸರ್ ಮದ್ದುಗಳ ಮಟ್ಟಿಗಂತೂ ಇದು ಪೂರ್ತಿ ನಿಜ. ಬೇರೆ ಕಾಯಿಲೆಗಳ ಹೊಸ ಮಾತ್ರೆಯನ್ನು ಮೊದಲು ಆರೋಗ್ಯವಂತರಿಗೆ, ಅವರಿಗೆ ಸಲ್ಲಬೇಕಾದ ಹಣ ಕೊಟ್ಟು, ನುಂಗಿಸಿ ನೋಡುತ್ತಾರೆ. ಕ್ಯಾನ್ಸರಿನ ಹಳೆಯ ಮಾದರಿಯ ಮದ್ದುಗಳು ಜೀವಕೋಶವನ್ನೇ ಕೊಲ್ಲುವಂಥವು. ಗಟ್ಟಿಮುಟ್ಟಾದ ಮನುಷ್ಯನಿಗೆ ಅವನ್ನು ಹಾಕುವುದು ತಪ್ಪಾಗುತ್ತದೆ. ಹಾಗಾಗಿ ಮೊದಲ ಡೋಸ್ ಹೋಗುವುದು ಬೇರೆಲ್ಲ ಚಿಕಿತ್ಸೆ ಮುಗಿದವರ ಮೈಗೆ.

ಆ ಸಾಲಿನ ಮೊದಲ ಮನುಷ್ಯನ ಹೆಸರು ನಮಗೆ ಎರಡು ಅಕ್ಷರವಾಗಿ ಮಾತ್ರ ಸಿಕ್ಕಿದೆ: ಜೆ.ಡಿ. ಪೋಲೆಂಡಿನಿಂದ ಅಮೆರಿಕಕ್ಕೆ ಹೋಗಿ ಬಾಲ್ ಬೇರಿಂಗ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಕುತ್ತಿಗೆ, ದವಡೆಯಲ್ಲಿ ದುಗ್ಧಗ್ರಂಥಿಯ ಗಡ್ಡೆ ಬೆಳೆದು ಬಾಯಿ ತೆರೆಯಲಾಗದೆ, ತುತ್ತು ಇಳಿಯದೆ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆ ಸೇರಿದ್ದ. ಕರೆಂಟ್, ಅಂದರೆ ವಿಕಿರಣ, ಕೊಟ್ಟದ್ದು ಸ್ವಲ್ಪ ದಿನ ನಡೆದು ನಿಂತಿತ್ತು. 1942ರ ಆಗಸ್ಟ್ 27ರ ಬೆಳಿಗ್ಗೆ ಅವನ ರಕ್ತನಾಳಕ್ಕೆ ನೈಟ್ರೋಜನ್ ಮಸ್ಟರ್ಡ್ ಹೋಯಿತು. ಅದು ಯುದ್ಧದ ವಿಷಾನಿಲದ ಸಂಬಂಧಿ. ಲೂಯಿಸ್ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ ಅದನ್ನು ಯುದ್ಧದ ಗುಟ್ಟಿನ ಸಂಶೋಧನೆಯಾಗಿ ಮಾಡುತ್ತಿದ್ದರು. ಆದ್ದರಿಂದ ರೋಗಿಯ ಕಾಗದದಲ್ಲಿ ಮದ್ದಿನ ಹೆಸರನ್ನೂ ಬರೆಯಲಿಲ್ಲ, ‘ಎಕ್ಸ್’ ಎಂಬ ಪದಾರ್ಥ ಎಂದಷ್ಟೇ ಬರೆದರು. ಹತ್ತು ದಿನದ ಇಂಜೆಕ್ಷನ್ನಿಗೆ ಗಡ್ಡೆ ಕರಗಿತು, ಜೆ.ಡಿ. ಮತ್ತೆ ಉಂಡ. ಆದರೆ ಗಡ್ಡೆ ಮರಳಿ ಬಂತು, ಅಷ್ಟರಲ್ಲಿ ಮದ್ದು ಅವನ ರಕ್ತ ಹುಟ್ಟುವ ಮಜ್ಜೆಯನ್ನೇ ಸುಟ್ಟಿತ್ತು. ಡಿಸೆಂಬರ್ 1ರಂದು ಅವನು ಸತ್ತ. ಯುದ್ಧ ಮುಗಿದು 1946ರಲ್ಲಿ ವರದಿ ಅಚ್ಚಾಗುವವರೆಗೆ ಕಿಮೋಥೆರಪಿ ಎಂಬ ದಾರಿ ತೆರೆದಿದೆ ಎಂದು ಹೊರಗಿನವರಿಗೆ ತಿಳಿಯಲಿಲ್ಲ. ಜೆ.ಡಿ.ಗೆ ಏನು ಹೇಳಿ ಸೂಜಿ ಚುಚ್ಚಿದರೋ! ಮದ್ದಿನ ಹೆಸರನ್ನಂತೂ ಹೇಳುವಂತಿರಲಿಲ್ಲ.

ಎರಡನೆಯ ಹೆಜ್ಜೆಯಲ್ಲಿ ನಮ್ಮ ಕಡೆಯವನೊಬ್ಬ ಬರುತ್ತಾನೆ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲಕ್ಕೆ ಅಡ್ಡಗಾಲು ಹಾಕುವ ಅಣುಗಳನ್ನು ಮಾಡಿಸುತ್ತಿದ್ದ. ಅದರಲ್ಲೊಂದಾದ ಅಮಿನೋಪ್ಟೆರಿನ್ನನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟ. ಹತ್ತು ಮಕ್ಕಳು ಸ್ವಲ್ಪ ಕಾಲಕ್ಕಾದರೂ ಚೇತರಿಸಿಕೊಂಡವು. ವರದಿ ಬಂದದ್ದು 1948ರ ಜೂನ್‌ನಲ್ಲಿ, ಸುಬ್ಬರಾವ್ ತೀರಿಕೊಂಡದ್ದು ಅದೇ ವರ್ಷದ ಆಗಸ್ಟಿನಲ್ಲಿ. ಅದೇ ಗುಂಪಿನ ಇನ್ನೊಂದು ಅಣು ಮೆಥೋಟ್ರೆಕ್ಸೇಟ್. ಆ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಬಾಯಿ ಕ್ಯಾನ್ಸರಿನ ರೋಗಿಗಳ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಇಂಥ ಒಂಟೊಂಟಿ ಸಾಹಸಗಳು ಮುಂದಿನ ದಶಕಗಳಲ್ಲಿ ಒಂದು ಪದ್ಧತಿಯಾದವು. ಅದರ ಒಳಗುಟ್ಟನ್ನು ರೋಗಿಯ ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಮೊದಲ ಹಂತದ ಟ್ರಯಲ್ ಕೇಳುವ ಪ್ರಶ್ನೆ ‘ಈ ಮದ್ದು ಗುಣ ಮಾಡುತ್ತದೆಯೇ’ ಎಂಬುದಲ್ಲ. ‘ಎಷ್ಟು ಕೊಟ್ಟರೆ ಮೈ ತಡೆದುಕೊಳ್ಳುತ್ತದೆ’ ಎಂಬುದು. ಇಲಿ, ನಾಯಿ, ಮಂಗಗಳ ಮೇಲೆ ನೋಡಿದ ಲೆಕ್ಕದಿಂದ ತೀರಾ ಸಣ್ಣ ಪ್ರಮಾಣವೊಂದನ್ನು ಆರಿಸಿ ಮೂವರಿಗೆ ಕೊಡುತ್ತಾರೆ. ಮೂರು ಅಥವಾ ನಾಲ್ಕು ವಾರ ಕಾಯುತ್ತಾರೆ. ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಪ್ರಮಾಣ ಏರಿಸುತ್ತಾರೆ. ಒಬ್ಬರಿಗೆ ತೊಂದರೆಯಾದರೆ ಅದೇ ಪ್ರಮಾಣವನ್ನು ಇನ್ನೂ ಮೂವರಿಗೆ ಕೊಟ್ಟು ನೋಡುತ್ತಾರೆ. ಇಬ್ಬರಿಗಾದರೆ ನಿಲ್ಲಿಸಿ ಒಂದು ಮೆಟ್ಟಿಲು ಹಿಂದೆ ಬರುತ್ತಾರೆ. ಕತ್ತಲಲ್ಲಿ ವಿಜಯಪುರದ ತಾಜ್ ಬಾವಡಿಯ ಮೆಟ್ಟಿಲು ಇಳಿಯುವವನು ನೀರು ಎಲ್ಲಿದೆ ಎಂದು ಕಾಲಿನಿಂದ ತಡವುತ್ತಾ ಹೋಗುವ ಹಾಗೆ. ಇತ್ತೀಚೆಗೆ ಲೆಕ್ಕದ ಇನ್ನೂ ಜಾಣ ಪದ್ಧತಿಗಳು ಬಂದಿವೆ, ಆದರೆ ಮೂರು ಮತ್ತು ಮೂರರ ಈ ಹಳೆಯ ಕ್ರಮ ಇವತ್ತಿಗೂ ಬಿಟ್ಟುಹೋಗಿಲ್ಲ.

ಈ ಕ್ರಮದಲ್ಲಿ ಒಂದು ಕಹಿ ಅಡಗಿದೆ. ಮೊದಲು ಸೇರಿದವರಿಗೆ ಸಿಗುವುದು ಬಹುಶಃ ಏನೂ ಮಾಡದಷ್ಟು ಸಣ್ಣ ಡೋಸ್. ಕೊನೆಗೆ ಸೇರಿದವರಿಗೆ ಸಿಗುವುದು ಮೈ ತಾಳದಷ್ಟು ದೊಡ್ಡದು. ಸರಿಯಾದ ಪ್ರಮಾಣ ಸಿಕ್ಕವರು ನಡುವಿನ ಅದೃಷ್ಟವಂತರು. 2005ರಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟವಾಯಿತು: ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ ನಡೆದ 460 ಮೊದಲ ಹಂತದ ಟ್ರಯಲ್‌ಗಳು, ಸುಮಾರು 12 ಸಾವಿರ ರೋಗಿಗಳು. ಗಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ನೂರಕ್ಕೆ ಹತ್ತು ಹನ್ನೊಂದು ಜನರಿಗೆ, ಮದ್ದಿನ ವಿಷದಿಂದಲೇ ಸತ್ತವರು ಇನ್ನೂರಕ್ಕೆ ಒಬ್ಬರು. ಹತ್ತರಲ್ಲಿ ಒಂದು ಎಂಬುದನ್ನು ಕಡಿಮೆ ಎನ್ನಲು ನನಗೆ ಮನಸ್ಸಿಲ್ಲ, ಬೇರೆ ಮದ್ದೇ ಉಳಿಯದವರಿಗೆ ಅದು ದೊಡ್ಡ ಸಂಖ್ಯೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮನೆಯವರ ತಲೆಯಲ್ಲಿ ಇರುವ ಸಂಖ್ಯೆ ಯಾವಾಗಲೂ ಹತ್ತಕ್ಕೆ ಹತ್ತು.

ಭಾರತ ಈ ಆಟಕ್ಕೆ ತಡವಾಗಿ, ಅನುಮಾನದಿಂದ ಬಂತು. 1940ರ ಔಷಧ ಕಾಯ್ದೆಯ ಅಡಿಯಲ್ಲಿ 1988ರಲ್ಲಿ ಸೇರಿಸಿದ ‘ಷೆಡ್ಯೂಲ್ ವೈ’ ಒಂದು ಎಚ್ಚರದ ಬೇಲಿ ಹಾಕಿತು: ಹೊರದೇಶದಲ್ಲಿ ಹುಟ್ಟಿದ ಮದ್ದು ಅಲ್ಲಿ ಒಂದು ಹಂತ ದಾಟಿದ ಮೇಲಷ್ಟೇ ಇಲ್ಲಿ ಅದರ ಹಿಂದಿನ ಹಂತ ನಡೆಯಬಹುದು. ನಮ್ಮ ಜನ ಪರದೇಶದ ಕಂಪನಿಗಳ ಇಲಿಗಳಾಗಬಾರದು ಎಂಬುದು ಉದ್ದೇಶ. 2005ರಲ್ಲಿ ಬೇಲಿ ಸಡಿಲಾಗಿ ಎರಡನೇ, ಮೂರನೇ ಹಂತಗಳು ಹೊರಗಿನ ಜೊತೆಜೊತೆಗೇ ನಡೆಯಬಹುದು ಎಂದಾಯಿತು. ಮೊದಲ ಹಂತಕ್ಕೆ ಮಾತ್ರ ಹಳೆಯ ಬಿಗಿ ಉಳಿಯಿತು. ಆದರೆ ಬೇಲಿ ಇದ್ದ ಕಾಲದಲ್ಲೇ ಅದನ್ನು ಹಾರಿದ ಒಂದು ಪ್ರಸಂಗ ನಡೆದುಹೋಗಿತ್ತು, ನಮ್ಮ ಪಕ್ಕದ ಕೇರಳದಲ್ಲಿ.

ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಬಡವರ ಬಾಯಿ ಕ್ಯಾನ್ಸರಿಗೆ ಹೆಸರಾದ ದೊಡ್ಡ ಆಸ್ಪತ್ರೆ. 1999ರ ಕೊನೆಯಿಂದ 2000ದ ಮೊದಲ ತಿಂಗಳುಗಳವರೆಗೆ ಅಲ್ಲಿಯ ಎರಡು ಡಜನ್ನಿಗೂ ಹೆಚ್ಚು ರೋಗಿಗಳ ಗಡ್ಡೆಗೆ ನೇರವಾಗಿ ಒಂದು ಹೊಸ ರಾಸಾಯನಿಕವನ್ನು ಚುಚ್ಚಲಾಯಿತು. ಅಮೆರಿಕದ ಮರುಭೂಮಿಯ ಪೊದೆಯೊಂದರಲ್ಲಿ ಸಿಗುವ ವಸ್ತುವಿನಿಂದ ಮಾಡಿದ ಅದನ್ನು ರೂಪಿಸಿದ್ದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರ ತಂಡ. ರೋಗಿಗಳಿಗೆ ಶಸ್ತ್ರಚಿಕಿತ್ಸೆ ಹೇಗೂ ನಿಗದಿಯಾಗಿತ್ತು, ಅದಕ್ಕೂ ಮೊದಲು ಈ ಇಂಜೆಕ್ಷನ್. ಇದು ಪ್ರಯೋಗ ಎಂದು ಅವರಿಗೆ ಅರ್ಥವಾಗುವಂತೆ ಹೇಳಿರಲಿಲ್ಲ ಎಂಬುದು ಆರೋಪ. ಅದನ್ನು ಹೊರಗೆ ತಂದವರು ಅದೇ ಆಸ್ಪತ್ರೆಯ ವಿಕಿರಣ ಜೀವವಿಜ್ಞಾನದ ಡಾ. ವಿ.ಎನ್. ಭಟ್ಟತಿರಿ. 2001ರ ಮಳೆಗಾಲದಲ್ಲಿ ಸುದ್ದಿ ಪತ್ರಿಕೆಗಳಿಗೆ ಬಂತು. ನವೆಂಬರಿನಲ್ಲಿ ಹಾಪ್ಕಿನ್ಸ್ ವಿಶ್ವವಿದ್ಯಾಲಯವೇ ತನಿಖೆ ಮುಗಿಸಿ, ತಮ್ಮಲ್ಲಿನ ನೈತಿಕ ಸಮಿತಿಯ ಮುಂದೆ ವಿಷಯ ಬಂದಿರಲಿಲ್ಲ, ಮನುಷ್ಯರಿಗೆ ಕೊಡುವ ಮುನ್ನ ಪ್ರಾಣಿಗಳ ಮೇಲಿನ ಸುರಕ್ಷತೆಯ ಪರೀಕ್ಷೆ ಸಾಲದಾಗಿತ್ತು ಎಂದು ಒಪ್ಪಿಕೊಂಡಿತು. ಆ ಪ್ರಾಧ್ಯಾಪಕರು ಇನ್ನು ಮನುಷ್ಯರ ಮೇಲಿನ ಸಂಶೋಧನೆಯ ಮುಂದಾಳಾಗುವಂತಿಲ್ಲ ಎಂದಿತು.

ಮದ್ದು ಕೆಟ್ಟದ್ದು ಎಂದು ಹೇಳಲು ನಾನು ಈ ಕಥೆ ತೆಗೆದಿಲ್ಲ. ಅದೇ ಅಣು ಆಮೇಲೆ ಟೆರಾಮೆಪ್ರೊಕಾಲ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲೇ ಕ್ರಮಬದ್ಧವಾಗಿ ಮೊದಲ ಹಂತದ ಟ್ರಯಲ್‌ಗೆ ಹೋಯಿತು, ಕಾಗದಪತ್ರ, ಸಮಿತಿ, ಸಹಿ ಎಲ್ಲದರ ಜೊತೆ. ಆ ಕ್ರಮ ಅಷ್ಟು ಸುಲಭವಾಗಿ ಸಾಧ್ಯವಿದ್ದರೆ ಅದಕ್ಕೂ ಮೊದಲು ತಿರುವನಂತಪುರಕ್ಕೆ ಯಾಕೆ ಬರಬೇಕಿತ್ತು?

ಇದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಬೇರೊಂದು ಕಥೆ ಶುರುವಾಗಿತ್ತು. ಪಪ್ಪಾಯಿಯ ಹಾಲಿನಿಂದ ಕಿಣ್ವ ತೆಗೆದು ಮಾರುವ ಕಂಪನಿಯಾಗಿ 1978ರಲ್ಲಿ ಕಿರಣ್ ಮಜುಂದಾರ್ ಶುರುಮಾಡಿದ್ದ ಬಯೋಕಾನ್, ಹೊಸ ಶತಮಾನದ ಆರಂಭದಲ್ಲಿ ಕ್ಯೂಬಾದ ಜೊತೆ ಕೈಜೋಡಿಸಿತು. ಹವಾನಾದ ಮಾಲಿಕ್ಯುಲರ್ ಇಮ್ಯುನಾಲಜಿ ಕೇಂದ್ರದಲ್ಲಿ ನಿಮೋಟುಜುಮ್ಯಾಬ್ ಎಂಬ ಪ್ರತಿಕಾಯ ಇತ್ತು. ಕ್ಯಾನ್ಸರ್ ಕೋಶದ ಮೇಲ್ಮೈಯಲ್ಲಿರುವ, ‘ಬೆಳೆ’ ಎಂಬ ಸಂದೇಶ ಹಿಡಿಯುವ ಗ್ರಾಹಕವನ್ನು ಅದು ಹೋಗಿ ಮುಚ್ಚುತ್ತದೆ. ಇದೇ ಕೆಲಸದ ಪಾಶ್ಚಾತ್ಯ ಮದ್ದುಗಳು ಮೈ ತುಂಬ ಗುಳ್ಳೆ ಏಳಿಸುತ್ತಿದ್ದವು, ಕ್ಯೂಬಾದ್ದು ಅಷ್ಟು ಏಳಿಸುತ್ತಿರಲಿಲ್ಲ. ಅಮೆರಿಕದ ದಿಗ್ಬಂಧನದಿಂದಾಗಿ ಹವಾನಾಕ್ಕೆ ದೊಡ್ಡ ಮಾರುಕಟ್ಟೆ ಮುಚ್ಚಿತ್ತು, ಬೆಂಗಳೂರಿಗೆ ತನ್ನದೇ ಎನ್ನುವ ಒಂದು ಹೊಸ ಮದ್ದು ಬೇಕಿತ್ತು. ರೋಗಿಗಳಿಗೇನು ಕೊರತೆ! ಎಲೆ ಅಡಿಕೆ, ತಂಬಾಕು, ಗುಟ್ಕಾ ತಿನ್ನುವ ನಾಡಿನಲ್ಲಿ ಗಂಡಸರ ಕ್ಯಾನ್ಸರುಗಳ ಮುಂಚೂಣಿಯಲ್ಲೇ ಬಾಯಿ ಕ್ಯಾನ್ಸರ್ ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ. ಅಂದಿನಿಂದಲೂ ಉತ್ತರದ ಜಿಲ್ಲೆಗಳ ಜನ ಬಾಯಿಗೆ ಟವೆಲ್ ಒತ್ತಿಕೊಂಡು ಅಲ್ಲಿಯ ಸಾಲಿನಲ್ಲಿ ನಿಲ್ಲುತ್ತ ಬಂದಿದ್ದಾರೆ.

ನಿಮೋಟುಜುಮ್ಯಾಬನ್ನು ಇಲ್ಲಿ ಪರೀಕ್ಷಿಸಿದ ಟ್ರಯಲ್‌ನಲ್ಲಿ 92 ರೋಗಿಗಳಿದ್ದರು. ತಲೆ ಮತ್ತು ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್, ಆಪರೇಷನ್‌ಗೆ ಮೀರಿದ್ದು. ಹಂತದ ಲೆಕ್ಕದಲ್ಲಿ ಅದು ಎರಡನೆಯದು. ಡೋಸಿನ ತಡಕಾಟ ಬೇರೆ ಕಡೆ ಮುಗಿದಿತ್ತು, ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ಇಲ್ಲಿಗೆ ಬಂದಿತ್ತು. ಅರ್ಧ ಜನಕ್ಕೆ ಬರೀ ಕರೆಂಟ್, ಅರ್ಧ ಜನಕ್ಕೆ ಕರೆಂಟಿನ ಜೊತೆ ಕಿಮೋ. ಎರಡೂ ಪಾಲಿನ ಅರ್ಧರ್ಧ ಜನಕ್ಕೆ ಜೊತೆಗೆ ಹೊಸ ಮದ್ದು. ಅಂದರೆ ಒಂದೊಂದು ಗುಂಪಿನಲ್ಲಿ ಇಪ್ಪತ್ತಮೂರೇ ಜನ. 2006ರಲ್ಲಿ ಮದ್ದು ‘ಬಯೋಮ್ಯಾಬ್ ಇಜಿಎಫ್‌ಆರ್’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಐದು ವರ್ಷದ ಲೆಕ್ಕ ಅಚ್ಚಾದದ್ದು 2014ರಲ್ಲಿ: ಕರೆಂಟು ಮತ್ತು ಕಿಮೋ ಪಡೆದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 26, ಅದರ ಜೊತೆ ಹೊಸ ಮದ್ದನ್ನೂ ಪಡೆದವರಲ್ಲಿ 57. ಕಣ್ಣರಳಿಸುವ ಅಂತರ. ಆದರೆ ಇಪ್ಪತ್ತಮೂರು ಜನರ ಗುಂಪಿನಲ್ಲಿ ನಾಲ್ಕೈದು ಜನ ಅತ್ತಿಂದಿತ್ತ ಆದರೆ ಇಡೀ ಲೆಕ್ಕ ಬದಲಾಗುತ್ತದೆ. ಆಮೇಲೆ ಮುಂಬಯಿಯ ಟಾಟಾ ಮೆಮೋರಿಯಲ್ 536 ಜನರ ಮೇಲೆ ಇದನ್ನೇ ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟಾಗ ಚಿತ್ರ ತಿಳಿಯಾಯಿತು. ಮದ್ದು ರೋಗ ಮರುಕಳಿಸುವುದನ್ನು ತಡ ಮಾಡುತ್ತದೆ, ಅದು ನಿಜ. ಒಟ್ಟು ಆಯುಷ್ಯ ಹೆಚ್ಚಿಸುತ್ತದೆ ಎಂಬುದು ಮಾತ್ರ ಸಂಖ್ಯಾಶಾಸ್ತ್ರದ ಕಟಕಟೆಯಲ್ಲಿ ಗೆಲ್ಲಲಿಲ್ಲ. ಸಣ್ಣ ಟ್ರಯಲ್ ಸುಳ್ಳು ಹೇಳಿತು ಎನ್ನಲಾರೆ, ಸಣ್ಣ ಟ್ರಯಲ್‌ಗಳು ಆಸೆಯನ್ನು ಸ್ವಲ್ಪ ಜೋರಾಗಿ ಹೇಳುತ್ತವೆ. ನನಗೆ ಒಪ್ಪಿಗೆಯಾಗದ ಸಂಗತಿ ಬೇರೆ: ಮದ್ದು ಅಂಗಡಿಗೆ ಬಂದದ್ದಕ್ಕೂ ದೊಡ್ಡ ಲೆಕ್ಕ ಸಿಕ್ಕಿದ್ದಕ್ಕೂ ನಡುವೆ ಹದಿಮೂರು ವರ್ಷ ಹೋದವು, ಆ ಹದಿಮೂರು ವರ್ಷ ಹಣ ಕೊಟ್ಟು ಕೊಂಡವರು ಸಣ್ಣ ಲೆಕ್ಕವನ್ನು ನಂಬಿಯೇ ಕೊಂಡರು.

ಇಷ್ಟರಲ್ಲಿ ದೇಶದಲ್ಲಿ ಗದ್ದಲ ಎದ್ದಿತ್ತು. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಅದೇ ವರ್ಷ ಸಂಸತ್ತಿನ ಸಮಿತಿಯೊಂದು ಔಷಧ ನಿಯಂತ್ರಣ ಸಂಸ್ಥೆಯನ್ನು ಝಾಡಿಸಿತು. 2013ರಲ್ಲಿ ಸಾಲುಸಾಲಾಗಿ ನಿಯಮಗಳು ಬಂದವು. ಒಪ್ಪಿಗೆ ಪಡೆಯುವುದನ್ನು ವಿಡಿಯೋದಲ್ಲಿ ಹಿಡಿಯಬೇಕು. ನೈತಿಕ ಸಮಿತಿಗಳು ನೋಂದಣಿಯಾಗಬೇಕು. ಸತ್ತರೆ ಪರಿಹಾರ ಕೊಡಬೇಕು. ವಿಡಿಯೋ ನಿಯಮ ಎರಡೇ ವರ್ಷದಲ್ಲಿ ಸಡಿಲಾಗಿ, ಹೊಸ ಅಣುವಿನ ಟ್ರಯಲ್‌ಗೆ ಸೇರುವ ದುರ್ಬಲರಿಗಷ್ಟೇ ಉಳಿಯಿತು.

ಪರಿಹಾರದ ಸೂತ್ರ ಮಾತ್ರ ಓದತಕ್ಕದ್ದು. ಮೂಲ ಮೊತ್ತ 8 ಲಕ್ಷ ರೂಪಾಯಿ. ಅದನ್ನು ವಯಸ್ಸಿನ ಅಂಶದಿಂದ ಗುಣಿಸಬೇಕು, ಮತ್ತೆ ರೋಗದ ತೀವ್ರತೆಯ ಅಂಶದಿಂದ ಗುಣಿಸಬೇಕು, 99.37ರಿಂದ ಭಾಗಿಸಬೇಕು. ಆರೋಗ್ಯವಂತ ಸ್ವಯಂಸೇವಕನಿಗೆ ತೀವ್ರತೆಯ ಅಂಶ 4. ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆ ಇಲ್ಲದವನಿಗೆ 0.5. ಲೆಕ್ಕ ಮುಗಿಸಿದರೆ ಚಿಕ್ಕ ವಯಸ್ಸಿನ ಆರೋಗ್ಯವಂತನ ಸಾವಿಗೆ 73 ಲಕ್ಷಕ್ಕೂ ಹೆಚ್ಚು, 65 ದಾಟಿದ ಕೊನೆಯ ಹಂತದ ರೋಗಿಯ ಸಾವಿಗೆ 4 ಲಕ್ಷ. ಮೂವತ್ತು ದಿನದೊಳಗೆ ಸಾಯುವ ಸಂಭವ ನೂರಕ್ಕೆ ತೊಂಬತ್ತು ಅಥವಾ ಹೆಚ್ಚಿದ್ದರೆ ಸೂತ್ರವೂ ಇಲ್ಲ, 2 ಲಕ್ಷ ಅಷ್ಟೆ. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು ಪರಿಹಾರದ ಕೋಷ್ಟಕಗಳನ್ನು ಬಾಯಿಪಾಠ ಮಾಡಿದ ವಿಜಯಪುರ ಜಿಲ್ಲೆಗೆ ಇಂಥ ಸೂತ್ರ ಹೊಸದೇನಲ್ಲ. ಆದರೂ ಮೊದಲ ಹಂತದ ಕ್ಯಾನ್ಸರ್ ಟ್ರಯಲ್‌ಗೆ ಬರುವವರಲ್ಲಿ ಬಹುಪಾಲು ಆ 0.5ರ ಸಾಲಿನ ಸುತ್ತಮುತ್ತಲಿನವರೇ. ಅಪಾಯ ಹೆಚ್ಚು ಹೊರುವವರಿಗೆ ಬೆಲೆ ಕಡಿಮೆ. ಸರ್ಕಾರದ ಸಮರ್ಥನೆಯೂ ಸುಲಭವಾಗಿ ಊಹಿಸಬಹುದಾದದ್ದೇ: ಹೇಗೂ ರೋಗವೇ ಕೊಲ್ಲುತ್ತಿತ್ತು. 2019ರ ಮಾರ್ಚ್‌ನಲ್ಲಿ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲೂ ಈ ಸೂತ್ರ ಹಾಗೆಯೇ ಉಳಿದಿದೆ.

ಅದೇ ನಿಯಮಗಳು ಇನ್ನೊಂದು ಕೆಲಸ ಮಾಡಿದವು. ಭಾರತದಲ್ಲೇ ಹುಟ್ಟಿದ ಮದ್ದಿನ ಟ್ರಯಲ್ ಅರ್ಜಿಗೆ 30 ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಆಮೇಲೆ ಮೊದಲ ಹಂತದ ಕ್ಯಾನ್ಸರ್ ಟ್ರಯಲ್ ಎಂಬುದು ನಮ್ಮಲ್ಲಿ ಅಪರೂಪದ ಸುದ್ದಿಯಾಗಿ ಉಳಿಯಲಿಲ್ಲ. ರೋಗಿಯ ರಕ್ತದಿಂದಲೇ ಕೋಶ ತೆಗೆದು, ತಿದ್ದಿ, ಮರಳಿ ಸೇರಿಸುವ ಕಾರ್-ಟಿ ಚಿಕಿತ್ಸೆ 2021ರಲ್ಲಿ ಮುಂಬಯಿಯಲ್ಲಿ, ಐಐಟಿ ಮತ್ತು ಟಾಟಾ ಜೊತೆಯಲ್ಲಿ, ಮೊದಲ ರೋಗಿಯನ್ನು ಮುಟ್ಟಿತು. ಬೆಂಗಳೂರಿನ ಬೊಮ್ಮಸಂದ್ರದ ಇಮ್ಯುನೀಲ್ ಕಂಪನಿ ಬಾರ್ಸಿಲೋನಾದಿಂದ ತಂದ ಇದೇ ಬಗೆಯ ಚಿಕಿತ್ಸೆಯನ್ನು ಪರೀಕ್ಷಿಸಿ 2025ರ ಜನವರಿಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಇವೆಲ್ಲ ರಕ್ತ ಕ್ಯಾನ್ಸರಿನ ಕಥೆ, ಹತ್ತಾರು ಲಕ್ಷ ರೂಪಾಯಿಯ ಕಥೆ. ಬಾಯಿ ಕ್ಯಾನ್ಸರಿನವರ ಸರದಿ ಬೇರೆ ದಾರಿಯಲ್ಲಿ ಬಂತು.

ಆ ದಾರಿಗಳು ಎರಡು. ಒಂದರಲ್ಲಿ ಮೆಥೋಟ್ರೆಕ್ಸೇಟ್ ಮರಳಿ ಬರುತ್ತದೆ. ಟಾಟಾ ಮೆಮೋರಿಯಲ್‌ನ ವಿಜಯ್ ಪಾಟೀಲ, ಕುಮಾರ್ ಪ್ರಭಾಶ್ ಮತ್ತವರ ಸಂಗಡಿಗರು ಸುಬ್ಬರಾವ್ ಕಾಲದ ಆ ಮಾತ್ರೆಯನ್ನು ವಾರಕ್ಕೊಮ್ಮೆ, ನೋವಿನ ಮಾತ್ರೆ ಸೆಲಿಕಾಕ್ಸಿಬ್ ಜೊತೆ ಕೊಟ್ಟು 422 ರೋಗಿಗಳ ಮೇಲೆ ನೋಡಿದರು. ದುಬಾರಿಯಾದ, ಆಸ್ಪತ್ರೆಗೆ ಹೋಗಿ ಸಲೈನ್ ಹಾಕಿಸಿಕೊಳ್ಳಲೇಬೇಕಾದ ಸಿಸ್ಪ್ಲಾಟಿನ್‌ಗಿಂತ ಮನೆಯಲ್ಲೇ ನುಂಗುವ ಈ ಗುಳಿಗೆಗಳು ಮೇಲಾದವು: ಮಧ್ಯಮ ಆಯುಷ್ಯ 6.1 ತಿಂಗಳಿದ್ದದ್ದು 7.5 ಆಯಿತು. ಆಮೇಲೆ ಅವರು ಇನ್ನೂ ಮುಂದೆ ಹೋದರು. ನಿವೋಲುಮ್ಯಾಬ್ ಎಂಬ ಇಮ್ಯುನೋಥೆರಪಿಯ ರೂಢಿಯ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಇವರು ಮೂರು ವಾರಕ್ಕೆ ಬರೀ 20 ಕೊಟ್ಟರು, ಗುಳಿಗೆಗಳ ಜೊತೆ. 151 ರೋಗಿಗಳ ಆ ಟ್ರಯಲ್‌ನಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. 2022ರಲ್ಲಿ ಇದು ಅಚ್ಚಾಯಿತು. ಮೊದಲ ಹಂತದ ಪದ್ಧತಿಯ ಬುಡಕ್ಕೇ ಈ ಫಲಿತಾಂಶ ಕೈ ಹಾಕಿತು. ಮೈ ತಾಳುವ ಗರಿಷ್ಠ ಡೋಸ್ ಹುಡುಕಿ ಅದರ ಹತ್ತಿರವೇ ನಿಲ್ಲುವುದು ಕಿಮೋ ಕಾಲದ ಅಭ್ಯಾಸ. ಹೊಸ ಮದ್ದುಗಳಿಗೆ ಅಷ್ಟು ಬೇಕೇ ಇಲ್ಲದಿರಬಹುದು. ಗರಿಷ್ಠ ಎಷ್ಟು ಎಂದು ಹುಡುಕಿದ ಹಾಗೆ, ಸಾಕು ಎನ್ನುವಷ್ಟು ಎಷ್ಟು ಎಂದು ಹುಡುಕುವುದಕ್ಕೆ ಯಾವ ಕಂಪನಿಗೂ ಅವಸರವಿರಲಿಲ್ಲ. ಕಡಿಮೆ ಡೋಸ್ ಎಂದರೆ ಕಡಿಮೆ ಮಾರಾಟ ತಾನೇ.

ಇನ್ನೊಂದು ದಾರಿ ಬೆಂಗಳೂರಿನಿಂದ ಹೊರಟು ಸಮುದ್ರ ದಾಟುತ್ತದೆ. ನಿಮೋಟುಜುಮ್ಯಾಬ್‌ನಿಂದ ಕಲಿತ ಬಯೋಕಾನ್ ಮುಂದಿನ ಹೆಜ್ಜೆಯಾಗಿ ಒಂದು ಜೋಡಿ ಮದ್ದು ರೂಪಿಸಿತು. ಅದೇ ಬೆಳವಣಿಗೆಯ ಗ್ರಾಹಕವನ್ನು ಒಂದು ಕೈ ಮುಚ್ಚುತ್ತದೆ, ಗಡ್ಡೆ ತನ್ನ ಸುತ್ತ ಕಟ್ಟಿಕೊಳ್ಳುವ ಟಿಜಿಎಫ್-ಬೀಟಾ ಎಂಬ ರಕ್ಷಣೆಯನ್ನು ಇನ್ನೊಂದು ಕೈ ಹಿಡಿದುಹಾಕುತ್ತದೆ. ಅದಕ್ಕೆ ಬಿಕಾರಾ ಎಂಬ ಕಂಪನಿಯಾಯಿತು, ಕಚೇರಿ ಬಾಸ್ಟನ್ನಿಗೆ ಹೋಯಿತು. ಮೊದಲ ಹಂತದ ಟ್ರಯಲ್ 2020ರಲ್ಲಿ ಶುರುವಾದದ್ದು ಉತ್ತರ ಅಮೆರಿಕದಲ್ಲಿ. ಈಗ ಫಿಸೆರಾಫಸ್ಪ್ ಆಲ್ಫಾ ಎಂಬ ಹೆಸರಿನ ಆ ಮದ್ದು ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ದೊಡ್ಡ ಟ್ರಯಲ್‌ಗೆ ಹೋಗಿದೆ. ಕಂಪನಿ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷೇರುಪೇಟೆಯಿಂದ 31 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿತು. 1999ರಲ್ಲಿ ಅಮೆರಿಕದ ಅಣು ಇಲ್ಲಿಯ ಬಾಯಿಗಳನ್ನು ಹುಡುಕಿಕೊಂಡು ಬಂದಿತ್ತು, ಇಪ್ಪತ್ತು ವರ್ಷದ ನಂತರ ಇಲ್ಲಿಯ ಅಣು ಅಲ್ಲಿಯ ಬಾಯಿಗಳನ್ನು ಹುಡುಕಿಕೊಂಡು ಹೋಯಿತು. ಮೊದಲ ಅಪಾಯ ಅಮೆರಿಕದವರದಾಯಿತಲ್ಲ ಎಂದು ಸಮಾಧಾನ ಪಡಬಹುದು. ಆದರೆ ಅಲ್ಲಿ ಆ ಮದ್ದಿಗೆ ಗಡ್ಡೆ ಕುಗ್ಗಿದವರೂ ಇದ್ದಾರೆ. ಆ ಸಾಲಿನಲ್ಲಿ ಕರ್ನಾಟಕದ ರೋಗಿ ಇರಲಿಲ್ಲ.

ಈಗ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಬರೋಣ. ಇಲ್ಲಿ ಬಾಯಿಯಲ್ಲಿ ಹುಣ್ಣಾದವನು ಮೊದಲು ಅದನ್ನು ಉಷ್ಣ ಎನ್ನುತ್ತಾನೆ. ಆಮೇಲೆ ಹಲ್ಲು ಚುಚ್ಚಿದ್ದು ಎನ್ನುತ್ತಾನೆ. ಬಾಯಿ ತೆರೆಯಲು ಆಗದಾದಾಗ ದವಾಖಾನಿ, ‘ದೊಡ್ಡ ಬ್ಯಾನಿ’ ಎಂಬ ಪಿಸುಮಾತು. ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು, ಮಾರುವವರು ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಕೊಟ್ಟು ಕಾನೂನು ಪಾಲಿಸಿದರು. ರೋಗ ಮುಂದುವರಿದ ಮೇಲೆ ಈ ಭಾಗದವರು ಹಿಡಿಯುತ್ತ ಬಂದ ದಾರಿಗಳೆಲ್ಲ ಊರಿನಿಂದ ಹೊರಗೆ ಹೋಗುವಂಥವು: ಸೊಲ್ಲಾಪುರ, ಅಲ್ಲಿಂದ ಬಾರ್ಶಿ, ಇಲ್ಲವೆ ಮಿರಜ್, ಬೆಳಗಾವಿ, ಹುಬ್ಬಳ್ಳಿಯ ನವನಗರ. ಕೈಯಲ್ಲಿ ಸ್ವಲ್ಪ ಹಣವಿದ್ದವರಿಗೆ ಮುಂಬಯಿ. ಉಳಿದವರಿಗೆ ರಾತ್ರಿಯಿಡೀ ಓಡುವ ಗೋಲಗುಂಬಜ್ ಎಕ್ಸ್‌ಪ್ರೆಸ್, ಬೆಂಗಳೂರು, ಕಿದ್ವಾಯಿ.

ಟ್ರಯಲ್‌ಗೆ ಬೇಕಾದ ಮುಂದುವರಿದ ರೋಗ ಇಲ್ಲಿ ಹೇರಳ. ಆದರೆ ಟ್ರಯಲ್ ಕೇಳುವ ಮನುಷ್ಯ ಬೇರೆ. ರೋಗ ಮುಂದುವರಿದಿರಬೇಕು, ಆದರೂ ಅವನು ಎದ್ದು ಓಡಾಡುವಂತಿರಬೇಕು. ಕನಿಷ್ಠ ಮೂರು ತಿಂಗಳು ಬದುಕುವ ಅಂದಾಜಿರಬೇಕು. ಲಿವರು, ಕಿಡ್ನಿ ಚೆನ್ನಾಗಿರಬೇಕು. ಮೊದಲ ಡೋಸಿನ ದಿನ ಅರ್ಧ ತಾಸು, ಒಂದು ತಾಸು, ಎರಡು, ನಾಲ್ಕು, ಎಂಟು ತಾಸಿಗೆ ರಕ್ತ ಕೊಡಬೇಕು, ಮರುದಿನ ಮತ್ತೆ. ಎಂಟನೇ ದಿನ ಬರಬೇಕು, ಹದಿನೈದನೇ ದಿನ ಬರಬೇಕು. ತಿಕೋಟಾದ ದ್ರಾಕ್ಷಿ ಬೆಳೆಗಾರನ ವರ್ಷ ಬೇರೆ ದಿನಗಳ ಮೇಲೆ ನಿಂತಿದೆ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಒಂದು ಚಾಟ್ನಿ, ಏಪ್ರಿಲ್‌ನಲ್ಲಿ ಇನ್ನೊಂದು, ನಡುವೆ ಶೆಡ್ಡಿನಲ್ಲಿ ಒಣದ್ರಾಕ್ಷಿ. ಮನೆಯ ಒಬ್ಬ ಮಗ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ ಕೂತರೆ ದ್ರಾಕ್ಷಿ ಪಡದ ಮೇಲೆ ಔಷಧಿ ಹೊಡೆಯುವವರಿಲ್ಲ. ಪ್ರಯಾಣದ ಖರ್ಚನ್ನು ಟ್ರಯಲ್ ನಡೆಸುವವರು ಕೊಟ್ಟಾರು, ಹೊಲದ ಹೊತ್ತನ್ನು ಯಾರು ಕೊಡುತ್ತಾರೆ? ಒಪ್ಪಿಗೆ ಪತ್ರ ಕನ್ನಡದಲ್ಲಿ ಇರುತ್ತದೆ ನಿಜ. ಅದರ ಕನ್ನಡ ವಿಜಯಪುರದ ಮಾತಿನದಲ್ಲ, ಊರಿನ ಮುಸ್ಲಿಂ ಮನೆಗಳ ದಖನಿಯಂತೂ ಅಲ್ಲವೇ ಅಲ್ಲ. ಓದು ಬಾರದವನಿದ್ದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬ ಕೂತು ಕೇಳಬೇಕು, ಆಮೇಲೆ ಹೆಬ್ಬೆಟ್ಟು. ಕಾನೂನು ಅಷ್ಟು ಹೇಳುತ್ತದೆ.

ಕಾನೂನು ಇನ್ನೂ ಒಂದನ್ನು ಹೇಳುತ್ತದೆ, ಅದು ಈ ಊರಿಗೆ ನೇರ ಸಂಬಂಧಪಟ್ಟದ್ದು. ಟ್ರಯಲ್ ನಡೆಯುವ ಜಾಗಕ್ಕೆ ತನ್ನದೇ ನೈತಿಕ ಸಮಿತಿ ಇಲ್ಲದಿದ್ದರೆ ಅದೇ ಊರಿನ, ಅಥವಾ 50 ಕಿಲೋಮೀಟರ್ ತ್ರಿಜ್ಯದೊಳಗಿನ ಇನ್ನೊಂದು ನೋಂದಾಯಿತ ಸಮಿತಿಯ ಒಪ್ಪಿಗೆ ಸಾಕು. ವಿಜಯಪುರವನ್ನು ನಡುವೆ ಇಟ್ಟು ಆ ಗೆರೆ ಎಳೆದರೆ ತಿಕೋಟಾವೂ ಬಬಲೇಶ್ವರವೂ ಒಳಗೇ ಬರುತ್ತವೆ. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು 1986ರಿಂದ ಈ ಊರಿನಲ್ಲಿದೆ. ಅದು ಹೊತ್ತಿರುವ ಬಿ.ಎಂ. ಪಾಟೀಲರ ಹೆಸರು ತಿಕೋಟಾ ಕ್ಷೇತ್ರದ ಶಾಸಕರಾಗಿದ್ದವರದ್ದೇ. ಮೊದಲ ಹಂತದ ಟ್ರಯಲ್‌ಗೆ ಕಟ್ಟಡಕ್ಕಿಂತ ಹೆಚ್ಚಾಗಿ ಬೇಕಾದದ್ದು ಹಗಲಿರುಳು ರಕ್ತ ಪರೀಕ್ಷಿಸುವ ಪ್ರಯೋಗಾಲಯ, ತೀವ್ರ ನಿಗಾ ಘಟಕದ ಖಾಲಿ ಹಾಸಿಗೆ, ರಾತ್ರಿ ಎರಡಕ್ಕೂ ಫೋನ್ ಎತ್ತುವ ಕ್ಯಾನ್ಸರ್ ವೈದ್ಯ. ಅದು ಹುಡುಗಾಟದ ಕೆಲಸವಲ್ಲ, ಎಲ್ಲ ಜಿಲ್ಲೆಗೂ ಹಂಚಬೇಕೆಂದು ನಾನು ವಾದಿಸುವುದಿಲ್ಲ. ಕಡಿಮೆ ಡೋಸಿನ ನಿವೋಲುಮ್ಯಾಬ್, ವಾರದ ಗುಳಿಗೆ, ಇಂಥವನ್ನು ಪರೀಕ್ಷಿಸುವ ದೊಡ್ಡ ಟ್ರಯಲ್‌ಗಳು ಮಾತ್ರ ರೋಗಿ ಇರುವ ಊರಿಗೇ ಬರಬಹುದು, ಬರಬೇಕು.

ಬಂದರೆ ಅದನ್ನು ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸುವ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸಂಬಂಧವಿಲ್ಲದವರಾಗಿರಬೇಕು. ಒಬ್ಬ ವಕೀಲ, ಒಬ್ಬ ಹೆಂಗಸು, ವೈದ್ಯವನ್ನೂ ಕಾನೂನನ್ನೂ ಓದದ ಒಬ್ಬ ಸಾಮಾನ್ಯ ಪ್ರಜೆ ಇರಲೇಬೇಕು ಎನ್ನುತ್ತದೆ ನಿಯಮ. ಆ ಕೊನೆಯ ಕುರ್ಚಿಗೆ ಸಾಮಾನ್ಯವಾಗಿ ನಿವೃತ್ತ ಮೇಷ್ಟ್ರನ್ನೋ ಬ್ಯಾಂಕಿನವರನ್ನೋ ಕರೆದು ಕೂಡಿಸುತ್ತಾರೆ. ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರನನ್ನು ಕೂಡಿಸಿದರೂ ನಿಯಮಕ್ಕೆ ಅಡ್ಡಿಯಿಲ್ಲ. ಹದಿನೈದನೇ ದಿನದ ಭೇಟಿ ಏಪ್ರಿಲ್ ಚಾಟ್ನಿಯ ವಾರದಲ್ಲಿ ಬಿದ್ದರೆ ಮನೆಗೇ ಬಂದು ರಕ್ತ ತಗೊಂಡು ಹೋಗತೀರೇನ್ರಿ ಎಂದು ಅವನು ಕೇಳಿದರೆ, ಉತ್ತರವನ್ನು ನಡಾವಳಿಯಲ್ಲಿ ಬರೆಯಬೇಕಾಗುತ್ತದೆ.